ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ) ಇದೆ ಅಂತ ವೈದ್ಯರು ಅಂದಿದ್ದಾರೆ. ಮಾತ್ರೆ ಸಾಕಾ, ಅಬ್ಲೇಷನ್ (ತೆಳು ಕೊಳವೆಯನ್ನು ಹೃದಯದವರೆಗೆ ತೂರಿಸಿ, ಬಡಿತ ಕೆಡಿಸುವ ಜಾಗವನ್ನು ನಿಷ್ಕ್ರಿಯಗೊಳಿಸುವ ಚಿಕಿತ್ಸೆ) ಮಾಡಿಸಬೇಕಾ?

ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬೇಕಾ? ಬಡಿತ ತಪ್ಪಿದಾಗ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಈ ಅಪಾಯ ಉಳಿದವರಿಗಿಂತ ಸುಮಾರು 5 ಪಟ್ಟು ಜಾಸ್ತಿ. ವಯಸ್ಸು 65 ದಾಟಿ, ಜೊತೆಗೆ ಬಿಪಿ ಅಥವಾ ಸಕ್ಕರೆ ಕಾಯಿಲೆಯೂ ಇದ್ದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸಾಮಾನ್ಯವಾಗಿ ಬೇಕೇ ಬೇಕು. ಆಸ್ಪಿರಿನ್ ಅದರ ಬದಲಿಯಲ್ಲ.

ಇನ್ನು ಬಡಿತದ ವಿಷಯ. ಸುಸ್ತು, ಎದೆ ಡವಡವ ಅಷ್ಟಾಗಿ ಇಲ್ಲದಿದ್ದರೆ ವೇಗ ತಗ್ಗಿಸುವ ಬೀಟಾ ಬ್ಲಾಕರ್ ಸಾಕಾಗಬಹುದು. ಮಾತ್ರೆ ತಗೊಂಡೂ ಕಾಟ ತಪ್ಪದಿದ್ದರೆ ಅಬ್ಲೇಷನ್ ಒಳ್ಳೆಯ ದಾರಿ, ಅದರಲ್ಲೂ ಕಾಯಿಲೆ ಹೊಸದಿದ್ದಾಗ. ಕೆಲವರಿಗೆ ಎರಡನೇ ಸಲವೂ ಮಾಡಬೇಕಾಗುತ್ತದೆ. ಅಬ್ಲೇಷನ್ ಆಯ್ತಲ್ವಾ ಅಂತ ಹೆಪ್ಪು ತಡೆಯುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಜೋರು ಗೊರಕೆ, ಕುಡಿತ ಇದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಇವೆರಡೂ ಬಡಿತವನ್ನು ಕೆಡಿಸುತ್ತವೆ.