ಹೆಸರು ನೋಡಿ ಸೇರಬೇಕಾ, ಲ್ಯಾಬ್ ನೋಡಿ ಸೇರಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಎಂಜಿನಿಯರಿಂಗ್‌ಗೆ ಯಾವ ವಿಶ್ವವಿದ್ಯಾಲಯ ಸೇರಬೇಕು ಅಂತ. ಇಪ್ಪತ್ತಾರು ವರ್ಷ ಎಲೆಕ್ಟ್ರಿಕಲ್ ವಿಭಾಗದಲ್ಲಿ ಪಾಠ ಮಾಡಿದವಳು ನಾನು. ಅದರಲ್ಲಿ ಒಂಬತ್ತು ವರ್ಷ ಮೆಷಿನ್ಸ್ ಲ್ಯಾಬ್, ಅಂದರೆ ಮೋಟಾರು, ಜನರೇಟರುಗಳ ಲ್ಯಾಬ್, ನನ್ನ ಸುಪರ್ದಿಯಲ್ಲಿತ್ತು. ಉತ್ತರಗಳಲ್ಲಿ ಸುಟ್ಟ ವಾರ್ನಿಶ್ ವಾಸನೆ ಸ್ವಲ್ಪ ಜಾಸ್ತಿ ಬಂದರೆ ಸಹಿಸಿಕೊಳ್ಳಿ.

ಪ್ರಶ್ನೆ: ಮೇಡಂ, ನನಗೆ ಎರಡು ಕಡೆ ಸೀಟು ಸಿಕ್ಕಿದೆ. ಒಂದು ದೊಡ್ಡ ಹೆಸರಿನ ವಿಶ್ವವಿದ್ಯಾಲಯ, ಅಲ್ಲಿ ಸಿಕ್ಕಿರುವುದು ಮೆಟಲರ್ಜಿ, ಅಂದರೆ ಲೋಹಶಾಸ್ತ್ರ. ಇನ್ನೊಂದರ ಹೆಸರು ಅಷ್ಟಾಗಿ ಯಾರಿಗೂ ಗೊತ್ತಿಲ್ಲ, ಆದರೆ ಅಲ್ಲಿ ನನಗೆ ಬೇಕಾದ ಎಲೆಕ್ಟ್ರಾನಿಕ್ಸ್ ಇದೆ. ಮನೆಯಲ್ಲಿ ಎಲ್ಲರೂ ‘ಮೊದಲು ಹೆಸರು, ಬ್ರಾಂಚ್ ಆಮೇಲೆ’ ಅನ್ನುತ್ತಾರೆ. ಹದಿನೈದು ದಿನದಲ್ಲಿ ತೀರ್ಮಾನ ಮಾಡಬೇಕು. ಏನು ಮಾಡಲಿ?
— ಒಬ್ಬ ವಿದ್ಯಾರ್ಥಿನಿ

ಉತ್ತರ: ನನ್ನ ಮಗಳಿಗಿಂತ ಚಿಕ್ಕವಳು, ನೀನು ಅಂತಲೇ ಬರೆಯುತ್ತೇನೆ. ನಿನ್ನ ಪತ್ರ ಎರಡು ಸಲ ಓದಿದೆ. ಎಲೆಕ್ಟ್ರಾನಿಕ್ಸ್ ಬೇಕು ಅಂತ ಇದೆ, ಯಾಕೆ ಬೇಕು ಅಂತ ಎಲ್ಲೂ ಇಲ್ಲ. ಹಳೇ ರೇಡಿಯೋ ಬಿಚ್ಚಿ ಅಪ್ಪನ ಹತ್ತಿರ ಬೈಸಿಕೊಂಡ ಹುಡುಗಿಯಾ ನೀನು? ಅಥವಾ ಗೆಳತಿಯರೆಲ್ಲ ಅದನ್ನೇ ತಗೊಂಡರು ಅಂತಲಾ? ಎರಡಕ್ಕೂ ನನ್ನ ಉತ್ತರ ಬೇರೆ ಬೇರೆ.

ಗೊತ್ತಿಲ್ಲದಿದ್ದರೆ ಪತ್ತೆ ಮಾಡುವುದು ಕಷ್ಟವಲ್ಲ. ಎರಡೂ ಕೋರ್ಸಿನ ಎರಡನೇ ವರ್ಷದ ಸಿಲಬಸ್ ತೆಗೆ. ಮೊದಲ ವರ್ಷದ್ದು ಬೇಡ, ಅದು ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ: ಗಣಿತ, ಭೌತಶಾಸ್ತ್ರ, ಡ್ರಾಯಿಂಗ್. ಎಲೆಕ್ಟ್ರಾನಿಕ್ಸ್‌ನಲ್ಲಿ ‘ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್’ ಅನ್ನುವ ವಿಷಯ ಇರುತ್ತದೆ, ಮೆಟಲರ್ಜಿಯಲ್ಲಿ ಫೇಸ್ ಡಯಾಗ್ರಾಂ, ಅಂದರೆ ಎಷ್ಟು ಬಿಸಿಯಲ್ಲಿ ಲೋಹ ಯಾವ ರೂಪದಲ್ಲಿರುತ್ತದೆ ಅಂತ ತೋರಿಸುವ ನಕ್ಷೆ ಇರುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2001ರಲ್ಲಿ ‘ಓಪನ್‌ಕೋರ್ಸ್‌ವೇರ್’ ಅಂತ ಘೋಷಿಸಿ, ತಮ್ಮ ಪಾಠಗಳನ್ನು ಯಾರು ಬೇಕಾದರೂ ನೋಡಲಿ ಅಂತ ಬಿಟ್ಟರು. ಅಂಥ ಪಾಠಗಳು ಈಗ ಬೇಕಾದಷ್ಟಿವೆ. ಎರಡು ವಿಷಯಕ್ಕೂ ಒಂದೊಂದು ಪಾಠ ಪೂರ್ತಿ ನೋಡು. ಅರ್ಥ ಆಗದಿದ್ದರೂ ಪರವಾಗಿಲ್ಲ. ಯಾವುದನ್ನು ನೋಡುವಾಗ ನಿಲ್ಲಿಸಿ ಪೇಪರು ಪೆನ್ನು ಹುಡುಕುತ್ತೀಯ, ಅದನ್ನು ಗಮನಿಸು. ಮೆಟಲರ್ಜಿ ಅಂದ ತಕ್ಷಣ ಮೂಗು ಮುರಿಯಬೇಡ. ಜೆಟ್ ಎಂಜಿನ್ನಿನ ಬ್ಲೇಡಿನಿಂದ ಹಿಡಿದು ಮೊಬೈಲಿನ ಬ್ಯಾಟರಿವರೆಗೆ ಮೆಟಲರ್ಜಿಯವರ ಕೈವಾಡ ಇದೆ.

ಇನ್ನು ಲ್ಯಾಬಿನ ವಿಷಯ. ನಾನು ಓದುವ ಕಾಲಕ್ಕೆ ವಿಶ್ವವಿದ್ಯಾಲಯ ಆರಿಸಿದ್ದು ಅದರ ಹೆಸರು ನೋಡಿ, ಇನ್ನೂ ನಿಜ ಹೇಳಬೇಕೆಂದರೆ ಅದರ ಕಲ್ಲಿನ ಕಮಾನು ನೋಡಿ. ಎರಡನೇ ವರ್ಷ ಲ್ಯಾಬಿಗೆ ಹೋದರೆ ಹದಿನಾಲ್ಕು ಜನಕ್ಕೆ ಒಂದೇ ಆಸಿಲೋಸ್ಕೋಪ್, ವಿದ್ಯುತ್ತಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಯಂತ್ರ, ನಮ್ಮ ಬಾಯಲ್ಲಿ ಸಿಆರ್‌ಓ. ಯಾರು ಮುಂದೆ ನಿಂತರೋ ಅವರ ಕೈಗೆ ನಾಬ್. ನಾನು ಕುಳ್ಳಿ. ಮೂರು ಸೆಮಿಸ್ಟರ್ ನಾನು ನೋಡಿದ್ದು ಹುಡುಗರ ಅಂಗಿಯ ಬೆನ್ನು. ಯಾರೋ ರೀಡಿಂಗ್ ಕೂಗುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು.

ಪರೀಕ್ಷೆಯ ದಿನ ಮೊದಲ ಸಲ ಸಿಆರ್‌ಓ ನನ್ನೊಬ್ಬಳ ಮುಂದೆ ಇತ್ತು. ಕನೆಕ್ಷನ್ ಕೊಟ್ಟೆ. ಪರದೆಯ ಮೇಲೆ ಅಲೆ ಬಂತು, ಆದರೆ ನಿಲ್ಲಲಿಲ್ಲ. ಎಡದಿಂದ ಬಲಕ್ಕೆ ಓಡುತ್ತಲೇ ಇತ್ತು. ಟ್ರಿಗರ್ ಲೆವೆಲ್ ಅನ್ನುವ ನಾಬನ್ನು ಸ್ವಲ್ಪ ತಿರುಗಿಸಿದರೆ ಅದು ನಿಲ್ಲುತ್ತದೆ ಅನ್ನುವುದು ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿದ್ದ ನನಗೆ ಗೊತ್ತಿರಲಿಲ್ಲ. ಪರೀಕ್ಷಕರು ಬಂದರು, ಎರಡು ಬೆರಳಲ್ಲಿ ತಿರುಗಿಸಿದರು, ಅಲೆ ನಿಂತಿತು. ಏನೂ ಅನ್ನಲಿಲ್ಲ ಪಾಪ. ಅಂದಿದ್ದರೇ ಚೆನ್ನಾಗಿತ್ತು.

ಅದಕ್ಕೇ ಹೇಳುತ್ತಿದ್ದೇನೆ, ಎರಡೂ ಕಡೆ ಹೋಗಿ ಬಾ. ಅಡ್ಮಿಷನ್ ಆಫೀಸಿನಲ್ಲಿ ಕೊಡುವ ಬಣ್ಣದ ಪುಸ್ತಕ ಇಸ್ಕೊಂಡು ಬ್ಯಾಗಿಗೆ ಹಾಕಿಕೋ, ಆಮೇಲೆ ನೀನು ಸೇರುವ ವಿಭಾಗದ ಲ್ಯಾಬ್ ಎಲ್ಲಿ ಅಂತ ಕೇಳು. ಒಂದು ಬೆಂಚಿಗೆ ಎಷ್ಟು ಜನ ನಿಂತಿದ್ದಾರೆ, ಎಣಿಸು. ಇಬ್ಬರು ಮೂವರು ಸರಿ. ಆರು ಜನ ಇದ್ದರೆ ಇಬ್ಬರು ಕೆಲಸ ಮಾಡುತ್ತಾರೆ, ನಾಲ್ವರು ಕಾಪಿ ಮಾಡುತ್ತಾರೆ. ಮೀಟರುಗಳ ಮೇಲೆ ಅಂಟಿಸಿದ ಕ್ಯಾಲಿಬ್ರೇಷನ್ ಚೀಟಿಯ, ಅಂದರೆ ಮೀಟರು ಸರಿ ತೋರಿಸುತ್ತದಾ ಅಂತ ಪರೀಕ್ಷಿಸಿ ಅಂಟಿಸಿದ ಚೀಟಿಯ, ತಾರೀಕು ಓದು. ಹೊಸಾ ಯಂತ್ರದ ಮೇಲೆ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇದ್ದರೆ ಅದು ನೋಡುವವರಿಗೆ ಇಟ್ಟಿದ್ದು, ಕಲಿಯುವವರಿಗಲ್ಲ. ಮೂಲೆಯಲ್ಲಿ ಸುಟ್ಟ ರೆಸಿಸ್ಟರು, ಹೋದ ಫ್ಯೂಸು ತುಂಬಿದ ಡಬ್ಬಿ ಕಂಡರೆ ಖುಷಿಪಡು. ಏನೂ ಸುಡದ ಲ್ಯಾಬಿನಲ್ಲಿ ಯಾರೂ ಏನೂ ಮುಟ್ಟಿರುವುದಿಲ್ಲ.

ಇಬ್ಬರು ಸೀನಿಯರುಗಳ ರೆಕಾರ್ಡ್ ಪುಸ್ತಕ ಕೇಳಿ ನೋಡು. ಬೇರೆ ಬೇರೆ ಬ್ಯಾಚಿನ ಇಬ್ಬರ ರೀಡಿಂಗ್ ಮೂರನೇ ದಶಮಾಂಶದವರೆಗೆ ಒಂದೇ ಇದ್ದರೆ ಕಥೆ ಗೊತ್ತಾಯಿತಲ್ವಾ? ಕೊನೆಗೆ ಲ್ಯಾಬ್ ಅಟೆಂಡರನ್ನು ಕೇಳು: ‘ಕ್ಲಾಸ್ ಮುಗಿದ ಮೇಲೆ ಮಕ್ಕಳಿಗೆ ಬಾಗಿಲು ತೆಗೀತೀರಾ?’ ವಿಭಾಗದ ಮುಖ್ಯಸ್ಥರು ಹೌದು ಅಂದೇ ಅನ್ನುತ್ತಾರೆ. ಬೀಗದ ಕೈ ಯಾರ ಹತ್ತಿರ ಇದೆಯೋ ಅವರ ಮಾತು ನಂಬು.

ಕಾಗದದ ಕಡೆ ನೋಡಬೇಕಾದ್ದು ಒಂದಿದೆ, ಮಾನ್ಯತೆ. 1989ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್‌ನ ಸಂಸ್ಥೆಗಳು ಸೇರಿ ‘ವಾಷಿಂಗ್ಟನ್ ಅಕಾರ್ಡ್’ ಅನ್ನುವ ಒಪ್ಪಂದ ಮಾಡಿಕೊಂಡವು. ಒಬ್ಬರು ಮಾನ್ಯ ಮಾಡಿದ ಎಂಜಿನಿಯರಿಂಗ್ ಪದವಿಯನ್ನು ಉಳಿದವರೂ ಸಮ ಅಂತ ಒಪ್ಪುವುದು ಅದರ ತಿರುಳು. ಆಮೇಲೆ ಬೇರೆಯವರೂ ಸೇರಿದರು. ದಕ್ಷಿಣ ಕೊರಿಯಾ 2007ರಲ್ಲಿ, ಭಾರತ 2014ರಲ್ಲಿ. ಇಲ್ಲಿ ಜನ ಎಡವುವುದು ಒಂದು ಕಡೆ: ಈ ಮಾನ್ಯತೆ ಸಿಗುವುದು ಕೋರ್ಸಿಗೆ, ವಿಶ್ವವಿದ್ಯಾಲಯಕ್ಕಲ್ಲ. ಒಂದೇ ಕ್ಯಾಂಪಸ್ಸಿನಲ್ಲಿ ಸಿವಿಲ್‌ಗೆ ಮಾನ್ಯತೆ ಇದ್ದು ಪಕ್ಕದ ಕಟ್ಟಡದ ಎಲೆಕ್ಟ್ರಾನಿಕ್ಸ್‌ಗೆ ಇಲ್ಲದಿರಬಹುದು. ದೊಡ್ಡ ಹೆಸರು ಇದನ್ನು ಮುಚ್ಚಿಬಿಡುತ್ತದೆ. ನಿನ್ನ ಕೋರ್ಸಿನ ಹೆಸರು ಹಾಕಿ ಹುಡುಕು, ಎಷ್ಟು ವರ್ಷದವರೆಗೆ ಕೊಟ್ಟಿದ್ದಾರೆ ಅನ್ನುವುದನ್ನೂ ನೋಡು.

ಮನೆಯವರ ಮಾತನ್ನೂ ಸುಮ್ನೆ ತಳ್ಳಿಹಾಕಬೇಡ. ಹೆಸರಿಗೆ ಬೆಲೆ ಇಲ್ಲ ಅಂದರೆ ನಾನು ಸುಳ್ಳು ಹೇಳಿದಂತೆ. ಮೊದಲ ಕೆಲಸದ ಬಾಗಿಲು ಬೇಗ ತೆಗೆಯುತ್ತದೆ. ಅದಕ್ಕಿಂತ ದೊಡ್ಡದು ಪಕ್ಕದ ಬೆಂಚಿನವರು: ನಿನಗಿಂತ ಚುರುಕಾದವರ ನಡುವೆ ನಾಲ್ಕು ವರ್ಷ ಕಳೆಯುವುದು ಯಾವ ಪಾಠಕ್ಕೂ ಕಡಿಮೆಯಲ್ಲ. ಹಾಗಾಗಿ ನನ್ನ ತೀರ್ಪು ಹೀಗೆ. ಎರಡೂ ಪಾಠ ನೋಡಿದ ಮೇಲೂ ಮನಸ್ಸು ಎಲೆಕ್ಟ್ರಾನಿಕ್ಸ್ ಕಡೆಗೇ ಎಳೆದರೆ, ಆ ಲ್ಯಾಬ್ ಜೀವಂತ ಇದ್ದರೆ, ಕೋರ್ಸಿಗೆ ಮಾನ್ಯತೆ ಇದ್ದರೆ, ಹೆಸರಿಲ್ಲದ ಕಡೆಗೇ ಹೋಗು. ಎರಡೂ ವಿಷಯ ಒಂದೇ ಥರ ಕಂಡರೆ ದೊಡ್ಡ ಹೆಸರನ್ನೇ ತಗೋ, ಮನೆಯಲ್ಲಿ ಜಗಳವೂ ತಪ್ಪುತ್ತದೆ.

ಪ್ರಶ್ನೆ: ನಮ್ಮ ಹುಡುಗ ರ‍್ಯಾಂಕಿಂಗ್ ಪಟ್ಟಿ ಹಿಡಿದು ಕೂತಿದ್ದಾನೆ. ಒಂದು 180ನೇ ಸ್ಥಾನದಲ್ಲಿದೆ, ಇನ್ನೊಂದು 240ರಲ್ಲಿ. 180ಕ್ಕೇ ಹೋಗುತ್ತೇನೆ ಅನ್ನುತ್ತಾನೆ. ಆದರೆ 240ರವರು ಹೇಳುವ ಸರಾಸರಿ ಸಂಬಳ ಜಾಸ್ತಿ ಇದೆ. ಯಾವುದನ್ನು ನಂಬುವುದು?
— ಒಬ್ಬ ತಂದೆ

ಉತ್ತರ: ಎರಡನ್ನೂ ಅರ್ಧ ನಂಬಿ. ಆ ಪಟ್ಟಿಯಲ್ಲಿ ಏನನ್ನು ಎಣಿಸಿದ್ದಾರೆ ಅಂತ ಮಗನಿಗೆ ಓದಲು ಹೇಳಿ. ಪ್ರಪಂಚದ ವಿಶ್ವವಿದ್ಯಾಲಯಗಳಿಗೆ ಸ್ಥಾನ ಕೊಡುವ, 2003ರಲ್ಲಿ ಶುರುವಾದ ಶಾಂಘೈ ಪಟ್ಟಿಯಲ್ಲಿ 100 ಅಂಕಕ್ಕೆ 30 ಹೋಗುವುದು ನೊಬೆಲ್ ಮತ್ತು ಗಣಿತಕ್ಕೆ ಕೊಡುವ ಫೀಲ್ಡ್ಸ್ ಪದಕಗಳಿಗೆ: ಅಲ್ಲಿ ಓದಿದವರು ಗೆದ್ದದ್ದಕ್ಕೆ 10, ಅಲ್ಲಿ ಕೆಲಸ ಮಾಡುವವರು ಗೆದ್ದದ್ದಕ್ಕೆ 20. ಒಳ್ಳೆಯದೇ. ಆದರೆ ನೊಬೆಲ್ ಗೆದ್ದವರು ನಿಮ್ಮ ಹುಡುಗನಿಗೆ ಎರಡನೇ ವರ್ಷ ಸರ್ಕ್ಯೂಟ್ ಪಾಠ ಮಾಡಲು ಬರುತ್ತಾರಾ?

ಇಂಥದ್ದೇ ಇನ್ನೊಂದು ಪಟ್ಟಿ ಕ್ಯೂಎಸ್. ಅದರವರು 2024ರ ಆವೃತ್ತಿಗೆ ಲೆಕ್ಕವನ್ನೇ ಬದಲಿಸಿದರು. ಇತರ ಪ್ರಾಧ್ಯಾಪಕರ ಅಭಿಪ್ರಾಯಕ್ಕೆ ಇದ್ದ 40 ಅಂಕ 30 ಆಯಿತು. ಎಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಮೇಷ್ಟ್ರು ಅನ್ನುವುದಕ್ಕೆ 20 ಇದ್ದದ್ದು 10ಕ್ಕೆ ಇಳಿಯಿತು. ಕ್ಲಾಸಿನಲ್ಲಿ ಒಂದು ಕುರ್ಚಿಯೂ ಅಲುಗದೆ ವಿಶ್ವವಿದ್ಯಾಲಯಗಳ ಸ್ಥಾನ ಮೇಲೆ ಕೆಳಗೆ ಆಗುವುದು ಹೀಗೆ. 20ಕ್ಕೂ 400ಕ್ಕೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. 180ಕ್ಕೂ 240ಕ್ಕೂ ನಡುವೆ ನಾನಾದರೆ ನಿದ್ದೆ ಕೆಡಿಸಿಕೊಳ್ಳುವುದಿಲ್ಲ.

ಇನ್ನು ಸರಾಸರಿ ಸಂಬಳ. ಹತ್ತು ಜನರ ಕ್ಲಾಸು ಅಂದುಕೊಳ್ಳಿ. ಒಂಬತ್ತು ಜನಕ್ಕೆ ತಲಾ 5 ಸಿಕ್ಕಿತು, ಒಬ್ಬನಿಗೆ 55. ಒಟ್ಟು 100, ಸರಾಸರಿ 10. ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ 10 ಅಂತ ಅಚ್ಚಾಗುತ್ತದೆ, ಆದರೆ ಆ ಕ್ಲಾಸಿನಲ್ಲಿ 10 ಪಡೆದವನು ಒಬ್ಬನೂ ಇಲ್ಲ! ಮೀಡಿಯನ್ ಎಷ್ಟು ಅಂತ ಕೇಳಿ, ಅಂದರೆ ಸಾಲಾಗಿ ನಿಲ್ಲಿಸಿದರೆ ನಡುವಿನವನ ಸಂಬಳ. ಇಲ್ಲಿ ಅದು 5. ಇನ್ನೂ ಎರಡು ಕೇಳಿ: ಪದವಿ ಮುಗಿಸಿದವರಲ್ಲಿ ಎಷ್ಟು ಜನ ಈ ಲೆಕ್ಕದೊಳಗೆ ಇದ್ದಾರೆ? ಅವರಲ್ಲಿ ಓದಿದ ವಿಷಯದ ಕೆಲಸಕ್ಕೇ ಸೇರಿದವರು ಎಷ್ಟು? ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ ಅನ್ನಿ. ಬರೆದು ಕೊಡಲು ಹಿಂದೆ ಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕಿತು.

ಪ್ರಶ್ನೆ: ಒಂದು ಕಡೆ ಮೆಕ್ಯಾನಿಕಲ್, ಇನ್ನೊಂದು ಕಡೆ ಈ ವರ್ಷವೇ ಶುರುವಾದ ರೊಬೊಟಿಕ್ಸ್. ಹೊಸದಕ್ಕೆ ಹೋಗಲೇ?

ಉತ್ತರ: ಎರಡು ಸಿಲಬಸ್ ಪಕ್ಕಪಕ್ಕ ಇಟ್ಟು, ಒಂದೇ ಇರುವ ವಿಷಯಗಳ ಮೇಲೆ ಗೀಟು ಹಾಕಿ. ಕೊನೆಯ ವರ್ಷದ ಮೂರ್ನಾಲ್ಕು ವಿಷಯ ಮಾತ್ರ ಉಳಿದರೆ ಅದು ಹಳೇ ಗೋಡೆಗೆ ಹೊಸ ಸುಣ್ಣ. ಡೈನಾಮಿಕ್ಸ್, ಕಂಟ್ರೋಲ್, ಸರ್ಕ್ಯೂಟ್, ಪ್ರೋಗ್ರಾಮಿಂಗ್ ಎಲ್ಲವೂ ಗಟ್ಟಿಯಾಗಿದ್ದರೆ ಯೋಚಿಸಬಹುದು. ಆದರೂ ಮೊದಲ ಬ್ಯಾಚ್ ಅಂದರೆ ಪ್ರಯೋಗಕ್ಕೆ ಇಟ್ಟ ಬ್ಯಾಚ್. ಮೇಷ್ಟ್ರುಗಳನ್ನು ಆಗಲೇ ತಗೊಂಡಿದ್ದಾರಾ, ಇಲ್ಲ ಇನ್ನೂ ತಗೊಳ್ಳಬೇಕಾ? ಎರಡನೆಯದಾದರೆ ಮೆಕ್ಯಾನಿಕಲ್ ಸೇರಿ, ರೋಬೋಟ್ ಎಲ್ಲೂ ಓಡಿಹೋಗುವುದಿಲ್ಲ.

ಪ್ರಶ್ನೆ: ಓದಿನ ಮಧ್ಯೆಯೇ ಕಂಪನಿಯಲ್ಲಿ ಕೆಲಸ ಮಾಡಿಸುವ ಕೋರ್ಸ್‌ಗಳಿವೆಯಂತೆ. ವರ್ಷ ದಂಡವಲ್ಲವೇ?

ಉತ್ತರ: ನನ್ನ ಪ್ರಕಾರ ಅಲ್ಲವೇ ಅಲ್ಲ, ಈ ವಿಷಯದಲ್ಲಿ ನಾನು ಪಕ್ಷಪಾತಿ. ಇದು ಹೊಸದೂ ಅಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಅನ್ನುವವರು 1906ರಲ್ಲೇ ಶುರು ಮಾಡಿದ್ದು. ಕೆನಡಾದ ವಾಟರ್‌ಲೂ 1957ರಲ್ಲಿ ಹುಟ್ಟಿದ್ದೇ ಈ ಪದ್ಧತಿಯ ಮೇಲೆ. ಅಲ್ಲಿ ಎಂಜಿನಿಯರಿಂಗ್ ಮಕ್ಕಳು ನಾಲ್ಕು ತಿಂಗಳು ಓದು, ನಾಲ್ಕು ತಿಂಗಳು ಕೆಲಸ ಅಂತ ಬದಲಿಸುತ್ತಾ ಹೋಗುತ್ತಾರೆ. ನಾಲ್ಕು ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ, ನಿಜ. ಆದರೆ ಯಾವ ಕೆಲಸ ತನಗೆ ಆಗಿಬರುವುದಿಲ್ಲ ಅಂತ ಪದವಿ ಕೈಗೆ ಬರುವ ಮೊದಲೇ ಗೊತ್ತಾಗುತ್ತದಲ್ಲ! ಸೇರುವ ಮುಂಚೆ ಕೇಳಬೇಕಾದ್ದು ಇಷ್ಟೇ: ಕೆಲಸ ಹುಡುಕಿ ಕೊಡುವವರು ಯಾರು, ನೀವಾ ಅವರಾ? ಸಿಗದೇ ಹೋದ ಅವಧಿಯಲ್ಲಿ ಏನು ಮಾಡಿಸುತ್ತಾರೆ? ಕೆಲಸದ ತಿಂಗಳುಗಳಿಗೂ ಫೀಸು ಇದೆಯಾ?

ಪ್ರಶ್ನೆ: ಒಂದು ಸೆಮಿಸ್ಟರ್ ಮುಗಿಯಿತು ಮೇಡಂ. ತಪ್ಪು ಕಡೆ ಸೇರಿದೆ ಅನ್ನಿಸುತ್ತಿದೆ. ಈಗ ಬದಲಿಸಬಹುದೇ?

ಉತ್ತರ: ಅನ್ನಿಸುವುದು ಯಾವುದರಿಂದ? ಹಾಸ್ಟೆಲ್, ಒಂಟಿತನ, ಮೊದಲ ಗಣಿತ ಪರೀಕ್ಷೆ — ಇವುಗಳಿಂದಾದರೆ ಇನ್ನೊಂದು ಸೆಮಿಸ್ಟರ್ ತಡೆದುಕೊಳ್ಳಿ, ಇನ್ನೊಂದು ಕಡೆ ಹೋದರೂ ಅವು ಜೊತೆಗೇ ಬರುತ್ತವೆ. ಬ್ರಾಂಚೇ ಬೇಡ ಅನ್ನಿಸುತ್ತಿದ್ದರೆ ತಡ ಮಾಡಬೇಡಿ. ಮೊದಲ ವರ್ಷದ ವಿಷಯಗಳು ಎಲ್ಲೆಡೆ ಹತ್ತಿರ ಹತ್ತಿರ ಇರುವುದರಿಂದ ಆಗ ಬದಲಿಸುವುದು ಸುಲಭ. ಎರಡನೇ ವರ್ಷ ದಾಟಿದರೆ ಮಾಡಿದ ಅರ್ಧ ವಿಷಯ ಲೆಕ್ಕಕ್ಕೇ ಬರುವುದಿಲ್ಲ. ಮೊದಲು ಅದೇ ವಿಶ್ವವಿದ್ಯಾಲಯದೊಳಗೇ ಬ್ರಾಂಚ್ ಬದಲಿಸಲು ನಿಯಮ ಇದೆಯಾ ಅಂತ ನೋಡಿ, ಎಷ್ಟು ಅಂಕ ಬೇಕು, ಕೊನೆಯ ದಿನ ಯಾವುದು ಅಂತ ಬರೆದಿಟ್ಟುಕೊಳ್ಳಿ. ಹೊರಗೆ ಹೋಗುವುದಾದರೆ ಹೊಸ ಕಡೆಯವರು ನಿಮ್ಮ ಯಾವ ಯಾವ ವಿಷಯ ಒಪ್ಪುತ್ತಾರೆ ಅಂತ ಕಾಗದದಲ್ಲಿ ಬರುವವರೆಗೆ ಹಳೇ ಸೀಟು ಬಿಡಬೇಡಿ. ಅರ್ಜಿ ಕೊಡುವಾಗ ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ.