ಮಂಡಿ ಸವೆತ: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನನ್ನ ತಾಯಿಗೆ 64 ವರ್ಷ. ಎರಡೂ ಮಂಡಿಗಳಲ್ಲಿ ನೋವಿದ್ದು, ಮೆಟ್ಟಿಲು ಇಳಿಯುವಾಗ ಮತ್ತು ನೆಲದಿಂದ ಏಳುವಾಗ ಹೆಚ್ಚಾಗುತ್ತದೆ. ಎಕ್ಸ್‌-ರೇ ವರದಿಯಲ್ಲಿ ‘ಗ್ರೇಡ್ 3’ ಎಂದಿದೆ. ಎಂಆರ್‌ಐ ಮಾಡಿಸಬೇಕೇ? ಗ್ರೇಡ್ 3 ಎಂದರೆ ಆಪರೇಷನ್ ಆಗಲೇಬೇಕೇ?
– ಶಿಕ್ಷಕಿ, ದಾವಣಗೆರೆ

ಉತ್ತರ: ನಿಮ್ಮ ತಾಯಿಯವರ ನೋವನ್ನು ನೀವು ವಿವರಿಸಿರುವ ರೀತಿಯಲ್ಲೇ ರೋಗನಿರ್ಣಯದ ಬಹುಪಾಲು ಇದೆ. ವಯಸ್ಸು 45 ದಾಟಿದ್ದು, ಓಡಾಟದೊಂದಿಗೆ ಕೀಲುನೋವು ಬರುತ್ತಿದ್ದು, ಬೆಳಗಿನ ಬಿಗಿತ ಇಲ್ಲದಿದ್ದರೆ ಅಥವಾ ಅರ್ಧ ಗಂಟೆಯೊಳಗೆ ಸಡಿಲವಾಗುತ್ತಿದ್ದರೆ, ಎಕ್ಸ್‌-ರೇ, ಎಂಆರ್‌ಐನಂಥ ಯಾವ ಚಿತ್ರಣವೂ ಇಲ್ಲದೆ ಅದನ್ನು ಆಸ್ಟಿಯೋಆರ್ಥ್ರೈಟಿಸ್, ಅಂದರೆ ನಾವು ಮಂಡಿ ಸವೆತ ಎನ್ನುವ ಕಾಯಿಲೆ ಎಂದು ತೀರ್ಮಾನಿಸಬಹುದೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಹೇಳಿದೆ.

ಗ್ರೇಡ್ ಎಂಬುದು 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ರೂಪಿಸಿದ, 0ಯಿಂದ 4ರವರೆಗಿನ ಅಳತೆ. ಮೂಳೆಗಳ ನಡುವಿನ ಅಂತರ ಎಷ್ಟು ಕಿರಿದಾಗಿದೆ, ಅಂಚಿನಲ್ಲಿ ಮೂಳೆ ಎಷ್ಟು ಬೆಳೆದಿದೆ ಎಂಬುದನ್ನು ಅದು ತಿಳಿಸುತ್ತದೆ. ರೋಗಿಗೆ ಎಷ್ಟು ನೋವಿದೆ ಎಂಬುದನ್ನು ತಿಳಿಸುವುದಿಲ್ಲ. ಗ್ರೇಡ್ 4 ಇದ್ದೂ ದಿನವಿಡೀ ಹೊಲದಲ್ಲಿ ಕೆಲಸ ಮಾಡುವವರಿದ್ದಾರೆ, ಗ್ರೇಡ್ 2 ಇದ್ದು ಮನೆಯಿಂದ ಹೊರಗೆ ಬಾರದವರೂ ಇದ್ದಾರೆ. ಆದ್ದರಿಂದ ಗ್ರೇಡ್ ಒಂದನ್ನೇ ನೋಡಿ ಯಾರೂ ಆಪರೇಷನ್ ನಿರ್ಧರಿಸಬಾರದು. ಇನ್ನೊಂದು ವಿಷಯವನ್ನು ವಿಚಾರಿಸಿ ನೋಡಿ: ಎಕ್ಸ್‌-ರೇಯನ್ನು ನಿಲ್ಲಿಸಿ ತೆಗೆದರೋ, ಮಲಗಿಸಿ ತೆಗೆದರೋ? ಕಾಲಿನ ಮೇಲೆ ಮೈಭಾರ ಬೀಳದಿದ್ದಾಗ ಕೀಲಿನ ಅಂತರ ನಿಜಕ್ಕಿಂತ ಹೆಚ್ಚಾಗಿ ಕಾಣಬಹುದು.

ಎಂಆರ್‌ಐ ಈಗ ಬೇಡ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ, ಎಕ್ಸ್‌-ರೇಯಲ್ಲಿ ಸವೆತವೇ ಕಾಣದ, 50 ದಾಟಿದ 710 ಜನರ ಮಂಡಿಗಳನ್ನು ಎಂಆರ್‌ಐಗೆ ಒಳಪಡಿಸಿದಾಗ 89 ಶೇಕಡಾ ಮಂದಿಯಲ್ಲಿ ಏನಾದರೊಂದು ಬದಲಾವಣೆ ಕಂಡಿತೆಂದು 2012ರಲ್ಲಿ ವರದಿಯಾಯಿತು. ನೋವಿಲ್ಲದವರಲ್ಲೂ ಅದು ಹೆಚ್ಚುಕಡಿಮೆ ಅಷ್ಟೇ ಸಾಮಾನ್ಯವಾಗಿತ್ತು. ಇಂಥ ವರದಿ ಹಿಡಿದು ಹೆದರಿಕೊಂಡು ಬರುವವರೇ ಹೆಚ್ಚು. ಆದರೆ ಕೀಲು ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ಬೆರಳುಗಳ ಕೀಲುಗಳೂ ಊದಿ ಬೆಳಗಿನ ಬಿಗಿತ ಗಂಟೆಗಟ್ಟಲೆ ಉಳಿದರೆ, ಮಲಗಿದಾಗಲೂ ನೋವು ಬಿಡದೆ ತೂಕ ಇಳಿಯುತ್ತಿದ್ದರೆ, ಪೆಟ್ಟಿನ ನಂತರ ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ನಮ್ಮ ಪಕ್ಕದ ಮನೆಯವರು ಪಿಆರ್‌ಪಿ ಇಂಜೆಕ್ಷನ್ ಹಾಕಿಸಿಕೊಂಡು ಆರಾಮಾಗಿದ್ದಾರೆ. ನನಗೂ ಮೂರು ಇಂಜೆಕ್ಷನ್ ಹೇಳಿದ್ದಾರೆ, ಖರ್ಚು ಬಹಳ. ಇದರಿಂದ ಸವೆದ ಮೃದ್ವಸ್ಥಿ, ಅಂದರೆ ಮೂಳೆಗಳ ತುದಿಯ ನುಣುಪಾದ ಪದರ, ಮತ್ತೆ ಬೆಳೆಯುತ್ತದೆಯೇ?
– ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ನಮ್ಮದೇ ರಕ್ತದಿಂದ ಪ್ಲೇಟ್‌ಲೆಟ್ ಕಣಗಳು ಹೆಚ್ಚಿರುವ ಭಾಗವನ್ನು ಬೇರ್ಪಡಿಸಿ ಮಂಡಿಗೆ ಚುಚ್ಚುವುದೇ ಪಿಆರ್‌ಪಿ. ಆಸ್ಟ್ರೇಲಿಯಾದ ಸಂಶೋಧಕರು 50 ದಾಟಿದ 288 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲರಿಂದಲೂ ರಕ್ತ ತೆಗೆಯಲಾಯಿತು. ಚೀಟಿ ಎತ್ತಿದಂತೆ ಅರ್ಧದಷ್ಟು ಜನರಿಗೆ ಪಿಆರ್‌ಪಿ, ಉಳಿದವರಿಗೆ ಬರಿಯ ಉಪ್ಪುನೀರು, ವಾರಕ್ಕೊಂದರಂತೆ ಮೂರು ಬಾರಿ. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿಯದು, ಚುಚ್ಚಿದವರಿಗೂ ತಿಳಿಯದು. ಒಂದು ವರ್ಷದ ನಂತರ ಹತ್ತು ಅಂಕಗಳ ನೋವಿನ ಅಳತೆಯಲ್ಲಿ ಪಿಆರ್‌ಪಿ ಗುಂಪಿನ ನೋವು 2.1ರಷ್ಟು ಇಳಿದಿತ್ತು, ಉಪ್ಪುನೀರಿನ ಗುಂಪಿನದು 1.8ರಷ್ಟು. ಮೃದ್ವಸ್ಥಿ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸವೆದಿತ್ತು, ಬೆಳೆದಿರಲಿಲ್ಲ. ಪಿಆರ್‌ಪಿಯಿಂದ ಲಾಭವಿದೆ ಎಂದ ಪ್ರಯೋಗಗಳೂ ಇವೆ, ಆದರೆ ಅವುಗಳಲ್ಲಿ ಹಲವು ಚಿಕ್ಕವು. ನನ್ನ ಕೈಯಲ್ಲಿ ನಿರ್ಧಾರವಿದ್ದರೆ ಆ ಹಣವನ್ನು ನಾನು ಇದಕ್ಕೆ ಹಾಕಿಸುವುದಿಲ್ಲ.

ಹಾಗೆಂದು ನಿಮ್ಮ ನೆರೆಯವರು ಹೇಳಿದ್ದು ಸುಳ್ಳಲ್ಲ. ಅವರಿಗೆ ನೋವು ಕಡಿಮೆಯಾಗಿರುವುದು ನಿಜ. ಮಂಡಿನೋವು ಏರುತ್ತ ಇಳಿಯುತ್ತ ಇರುವ ಕಾಯಿಲೆ. ತೀರಾ ಏರಿದಾಗಲೇ ನಾವು ಆಸ್ಪತ್ರೆಗೆ ಹೋಗುವುದರಿಂದ, ಆ ಹೊತ್ತಿನಲ್ಲಿ ಏನು ಕೊಟ್ಟರೂ ಮುಂದಿನ ವಾರಗಳಲ್ಲಿ ನೋವು ಇಳಿಯುವ ಸಾಧ್ಯತೆಯೇ ಹೆಚ್ಚು. ಅದರ ಜೊತೆಗೆ ಸೂಜಿಯ ಮೇಲಿನ ನಂಬಿಕೆ, ವೈದ್ಯರ ಆರೈಕೆ ಇವೂ ಸೇರುತ್ತವೆ. ಇಳಿದ ನೋವಿನಲ್ಲಿ ಔಷಧದ ಪಾಲೆಷ್ಟು ಎಂಬುದು, ಔಷಧವಿಲ್ಲದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ನೋಡದ ಹೊರತು ತಿಳಿಯುವುದಿಲ್ಲ.

ಇದು ಶಸ್ತ್ರಚಿಕಿತ್ಸೆಗೂ ಅನ್ವಯಿಸುತ್ತದೆ. ಮಂಡಿಯೊಳಗೆ ದುರ್ಬೀನು ಇಳಿಸಿ ತೊಳೆದು, ಹರಿದ ಚೂರುಗಳನ್ನು ಕೆರೆದು ತೆಗೆಯುವ ಆರ್ಥ್ರೋಸ್ಕೋಪಿ ಒಂದು ಕಾಲಕ್ಕೆ ಸವೆತಕ್ಕೆ ವ್ಯಾಪಕವಾಗಿ ನಡೆಯುತ್ತಿತ್ತು. ಹ್ಯೂಸ್ಟನ್ನಿನ ಶಸ್ತ್ರವೈದ್ಯ ಬ್ರೂಸ್ ಮೋಸ್ಲಿ ಮತ್ತು ಸಂಗಡಿಗರು 180 ರೋಗಿಗಳನ್ನು ಅವರ ಒಪ್ಪಿಗೆ ಪಡೆದು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಂಡಿ ತೊಳೆದರು, ಇನ್ನೊಂದಕ್ಕೆ ಕೆರೆದು ತೊಳೆದರು. ಮೂರನೆಯದಕ್ಕೆ ಚರ್ಮದ ಮೇಲೆ ಗಾಯಗಳನ್ನಷ್ಟೇ ಮಾಡಿ, ಉಪಕರಣಗಳನ್ನು ಕೇಳಿ ಪಡೆಯುತ್ತ, ತೊಳೆಯುವ ಸದ್ದು ಕೇಳಿಸಲೆಂದು ನೀರು ಎರಚಿ, ಹೊಲಿಗೆ ಹಾಕಿ ಕಳುಹಿಸಿದರು. ಎರಡು ವರ್ಷದವರೆಗೂ ಮೂರು ಗುಂಪುಗಳ ನೋವಿನಲ್ಲಿ ವ್ಯತ್ಯಾಸವಿರಲಿಲ್ಲವೆಂದು 2002ರಲ್ಲಿ ಪ್ರಕಟವಾಯಿತು. ರೋಗಿಗಳಲ್ಲಿ ಬಹುತೇಕರು ಮಾಜಿ ಸೈನಿಕರು, ಗಂಡಸರು ಎಂಬ ಆಕ್ಷೇಪ ನ್ಯಾಯವಾಗಿಯೇ ಬಂದಿತು. ಆದರೆ 2008ರಲ್ಲಿ ಕೆನಡಾದಲ್ಲಿ ಮಹಿಳೆಯರನ್ನೂ ಸೇರಿಸಿ ನಡೆಸಿದ ಪ್ರಯೋಗದಲ್ಲಿ ಕೂಡ, ವ್ಯಾಯಾಮ ಮತ್ತು ಔಷಧದ ಜೊತೆ ಈ ಶಸ್ತ್ರಚಿಕಿತ್ಸೆಯನ್ನು ಸೇರಿಸಿದ್ದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಆ ಹುಸಿ ಶಸ್ತ್ರಚಿಕಿತ್ಸೆಗೆ ಒಪ್ಪಿ ಮಲಗಿದವರಿಂದಾಗಿ ಎಷ್ಟೋ ದೇಶಗಳ ರೋಗಿಗಳು ಬೇಡದ ಆಪರೇಷನ್ನಿನಿಂದ ಉಳಿದುಕೊಂಡಿದ್ದಾರೆ. ಅವರ ಋಣ ದೊಡ್ಡದು.

ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆಯೂ ಒಂದು ಮಾತು. ತೀವ್ರ ಊತವಿರುವಾಗ ಒಮ್ಮೆ ಕೊಟ್ಟರೆ ಕೆಲವು ವಾರ ಉಪಶಮನ ಸಿಗುತ್ತದೆ. ಆದರೆ ಮೂರು ತಿಂಗಳಿಗೊಮ್ಮೆ ಎರಡು ವರ್ಷ ಕೊಟ್ಟು ನೋಡಿದ, 2017ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ನೋವು ಉಪ್ಪುನೀರಿನ ಗುಂಪಿಗಿಂತ ಕಡಿಮೆಯಾಗಲಿಲ್ಲ, ಮೃದ್ವಸ್ಥಿ ಮಾತ್ರ ಹೆಚ್ಚು ತೆಳುವಾಯಿತು.

ಪ್ರಶ್ನೆ: ಮಂಡಿ ಸವೆತಕ್ಕೆಂದು ಗ್ಲೂಕೋಸಮೈನ್ ಮಾತ್ರೆಯನ್ನು ಬಹಳ ದಿನಗಳಿಂದ ನುಂಗುತ್ತಿದ್ದೇನೆ. ಮುಂದುವರಿಸಬಹುದೇ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಕುಂದಾಪುರ

ಉತ್ತರ: ನಿಲ್ಲಿಸಿದರೆ ನಷ್ಟವಿಲ್ಲ. 2006ರಲ್ಲಿ ಪ್ರಕಟವಾದ ಅಮೆರಿಕದ 1,583 ರೋಗಿಗಳ ಪ್ರಯೋಗದಲ್ಲಿ ಗ್ಲೂಕೋಸಮೈನ್ ಪಡೆದವರಲ್ಲಿ 64 ಶೇಕಡಾ ಮಂದಿಗೆ ನೋವು ಗಣನೀಯವಾಗಿ ಇಳಿದರೆ, ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲೂ 60 ಶೇಕಡಾ ಮಂದಿಗೆ ಇಳಿದಿತ್ತು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಗ್ಲೂಕೋಸಮೈನ್ ವಿಷಯವನ್ನು ನಿಮ್ಮ ವೈದ್ಯರಿಗೆ ಅವಶ್ಯವಾಗಿ ತಿಳಿಸಿ.

ಪ್ರಶ್ನೆ: ನನಗೆ 52 ವರ್ಷ, ತೂಕ 84 ಕಿಲೊ. ವ್ಯಾಯಾಮ ಮಾಡಿ ಎನ್ನುತ್ತಾರೆ. ನೋಯುವ ಮಂಡಿಗೆ ಕೆಲಸ ಕೊಟ್ಟರೆ ಇನ್ನಷ್ಟು ಸವೆಯುವುದಿಲ್ಲವೇ?
– ಗೃಹಿಣಿ, ಮಂಡ್ಯ

ಉತ್ತರ: ಈ ಭಯ ಬಹಳ ಜನರಲ್ಲಿದೆ, ಹಾಗಾಗಿ ಕೂತುಬಿಡುತ್ತಾರೆ. ಕೂತಷ್ಟೂ ತೊಡೆಯ ಮುಂಭಾಗದ ಸ್ನಾಯು ಸೊರಗಿ, ಅದು ಹೊರಬೇಕಾದ ಭಾರ ಕೀಲಿನ ಮೇಲೆಯೇ ಬೀಳುತ್ತದೆ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ತೊಡೆ ಬಿಗಿಯಾದದ್ದು ಕೈಗೆ ತಿಳಿಯುವಂತೆ ಐದೆಣಿಸುವವರೆಗೆ ಹಿಡಿದು, ನಿಧಾನವಾಗಿ ಇಳಿಸಿ. ಹತ್ತು ಬಾರಿಯಿಂದ ಆರಂಭಿಸಿ. ಮಾಡುವಾಗ ಸ್ವಲ್ಪ ನೋವಾದರೆ ತೊಂದರೆಯಿಲ್ಲ. ಮರುದಿನವೂ ನೋವು ಏರಿಯೇ ಇದ್ದರೆ ಸಂಖ್ಯೆ ಇಳಿಸಿ, ಬಿಟ್ಟುಬಿಡಬೇಡಿ.

ನಡೆಯುವಾಗ ಇಳಿದ ಪ್ರತಿ ಒಂದು ಕಿಲೊ ತೂಕಕ್ಕೆ ಮಂಡಿಯ ಮೇಲಿನ ಭಾರ ಪ್ರತಿ ಹೆಜ್ಜೆಗೂ ಸುಮಾರು ನಾಲ್ಕು ಕಿಲೊ ತಗ್ಗುತ್ತದೆ ಎಂದು ಉತ್ತರ ಕೆರೊಲಿನಾದ ಸ್ಟೀಫನ್ ಮೆಸಿಯರ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಅದೇ ತಂಡ 454 ರೋಗಿಗಳನ್ನು 18 ತಿಂಗಳು ಅನುಸರಿಸಿದಾಗ, ಪಥ್ಯ ಮತ್ತು ವ್ಯಾಯಾಮ ಎರಡನ್ನೂ ಮಾಡಿದವರಿಗೆ ಯಾವುದಾದರೂ ಒಂದನ್ನೇ ಮಾಡಿದವರಿಗಿಂತ ನೋವು ಕಡಿಮೆಯಿತ್ತು. ನಮ್ಮ ಬೆಂಗಳೂರಿನಲ್ಲೂ ಡಾ. ಜಾನ್ ಎಬ್ನೆಜರ್ ಮತ್ತು ಡಾ. ಆರ್. ನಾಗರತ್ನ ಅವರ ತಂಡ 250 ಮಂಡಿನೋವಿನ ರೋಗಿಗಳಲ್ಲಿ ಯೋಗವನ್ನು ಸಾಮಾನ್ಯ ವ್ಯಾಯಾಮಕ್ಕೆ ಹೋಲಿಸಿ, ಯೋಗದ ಗುಂಪಿಗೆ ಹೆಚ್ಚು ಲಾಭವಾಯಿತೆಂದು ವರದಿ ಮಾಡಿದೆ. ತಾನು ಯೋಗ ಮಾಡುತ್ತಿದ್ದೇನೆಂಬುದನ್ನು ರೋಗಿಯಿಂದ ಮರೆಮಾಡಲಾಗದು ಎಂಬ ಮಿತಿ ಇಂಥ ಅಧ್ಯಯನಗಳಿಗೆ ಇದ್ದೇ ಇರುತ್ತದೆ. ಆದರೂ ಹಿತವಾಗಿ ಕಲಿಸುವವರಿದ್ದರೆ ನಾನು ಸಂತೋಷದಿಂದ ಕಳುಹಿಸುತ್ತೇನೆ.

ಪ್ರಶ್ನೆ: ತಂದೆಗೆ 71 ವರ್ಷ, ಸಕ್ಕರೆ ಕಾಯಿಲೆ ಇದೆ. ಒಂದು ವರ್ಷ ವ್ಯಾಯಾಮ, ಮಾತ್ರೆ ಎಲ್ಲ ಆಯಿತು. ರಾತ್ರಿ ನಿದ್ದೆಯಿಲ್ಲ, ಬೀದಿಯ ತುದಿಯವರೆಗೂ ನಡೆಯಲಾರರು. ಕೀಲು ಬದಲಿಸಿದರೆ ಎಷ್ಟು ವರ್ಷ ಬಾಳುತ್ತದೆ?
– ಓದುಗರು, ಬೀದರ್

ಉತ್ತರ: ನೀವು ಬರೆದಿರುವ ಸ್ಥಿತಿಗೇ ಕೀಲು ಬದಲಿ ಶಸ್ತ್ರಚಿಕಿತ್ಸೆ ಇರುವುದು. ಇನ್ನು ಮುಂದೂಡುತ್ತ ಹೋದರೆ ಕಾಲು ಇನ್ನಷ್ಟು ಬಾಗಿ, ಸ್ನಾಯು ಸೊರಗಿ, ಚೇತರಿಕೆ ಕಷ್ಟವಾಗಬಹುದು. 2015ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಪ್ರಯೋಗವೊಂದರಲ್ಲಿ ನೂರು ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ಮಂಡಿ ಬದಲಿಸಿ ವ್ಯಾಯಾಮವನ್ನೂ ಕೊಟ್ಟರು, ಉಳಿದವರಿಗೆ ವ್ಯಾಯಾಮ, ಪಥ್ಯ, ಔಷಧಗಳನ್ನಷ್ಟೇ ಕೊಟ್ಟರು. ಒಂದು ವರ್ಷದಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿಗೆ ಇನ್ನೊಂದರ ಸುಮಾರು ಎರಡು ಪಟ್ಟು ಸುಧಾರಣೆಯಾಯಿತು. ಆದರೆ ಗಂಭೀರ ತೊಂದರೆಗಳು ಆ ಗುಂಪಿನಲ್ಲಿ 24, ಇನ್ನೊಂದರಲ್ಲಿ 6. ಮತ್ತು ಇನ್ನೊಂದು ಗುಂಪಿನ ನಾಲ್ಕರಲ್ಲಿ ಮೂವರು ಆ ವರ್ಷ ಶಸ್ತ್ರಚಿಕಿತ್ಸೆ ಇಲ್ಲದೆಯೇ ಕಳೆದರು. ಅಂದರೆ ಲಾಭ ದೊಡ್ಡದು, ಅಪಾಯವೂ ಇದೆ, ಎಲ್ಲರಿಗೂ ತುರ್ತಿಲ್ಲ. ನಿಮ್ಮ ತಂದೆಯವರು ಆ ವರ್ಷವನ್ನು ಈಗಾಗಲೇ ಕಳೆದಿದ್ದಾರೆ.

ಬಾಳಿಕೆಯ ಬಗ್ಗೆ 2019ರಲ್ಲಿ ಬ್ರಿಸ್ಟಲ್‌ನ ಸಂಶೋಧಕರು ವಿವಿಧ ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿ, ಪೂರ್ಣ ಮಂಡಿ ಬದಲಿಗಳಲ್ಲಿ ಸುಮಾರು 82 ಶೇಕಡಾ 25 ವರ್ಷ ಬಾಳುತ್ತವೆ ಎಂದು ಅಂದಾಜಿಸಿದರು. ಎಪ್ಪತ್ತು ದಾಟಿದ ಮೇಲೆ ಬದಲಿಸಿದವರಿಗೆ ಜೀವಮಾನದಲ್ಲಿ ಮತ್ತೊಮ್ಮೆ ಆಪರೇಷನ್ ಬೇಕಾಗುವ ಸಾಧ್ಯತೆ ಸುಮಾರು 5 ಶೇಕಡಾ ಮಾತ್ರ, ಐವತ್ತರ ಆರಂಭದಲ್ಲೇ ಬದಲಿಸಿಕೊಂಡ ಗಂಡಸರಿಗೆ ಅದು 35 ಶೇಕಡಾ ಎಂದು ಬ್ರಿಟನ್ನಿನ ಇನ್ನೊಂದು ಅಧ್ಯಯನ ಹೇಳಿದೆ. ನಿಮ್ಮ ತಂದೆಯವರ ವಯಸ್ಸು ಇಲ್ಲಿ ಅನುಕೂಲಕ್ಕೇ ಬಂದಿದೆ. ಸಕ್ಕರೆಯನ್ನು ಮೊದಲು ಹತೋಟಿಗೆ ತನ್ನಿ. ಹಲ್ಲಿನ ಹುಳುಕು, ಕಾಲಿನ ಹುಣ್ಣು, ಮೂತ್ರದ ಸೋಂಕು ಇದ್ದರೆ ವಾಸಿ ಮಾಡಿಸಿಕೊಂಡೇ ದಾಖಲಾಗಿ, ಏಕೆಂದರೆ ಬದಲಿ ಕೀಲಿಗೆ ತಗಲುವ ಸೋಂಕು ಬಹಳ ಕಾಡುತ್ತದೆ. ನೆಲದ ಮೇಲೆ ಕೂರುವುದನ್ನೂ ಕುಕ್ಕರಗಾಲಿನ ಶೌಚಾಲಯವನ್ನೂ ಸಾಮಾನ್ಯವಾಗಿ ಬಿಡಬೇಕಾಗುತ್ತದೆ. ಮನೆಯಲ್ಲಿ ಕಮೋಡ್ ವ್ಯವಸ್ಥೆ ಮೊದಲೇ ಆಗಲಿ. ಕೃತಕ ಮಂಡಿಗೆ ಕೇಂದ್ರ ಸರ್ಕಾರದ ಬೆಲೆ ನಿಯಂತ್ರಣ 2017ರ ಆಗಸ್ಟ್‌ನಿಂದ ಇದೆ. ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ ತೆರಿಗೆ ಹೊರತುಪಡಿಸಿ 54,720 ರೂಪಾಯಿ ನಿಗದಿಯಾಗಿತ್ತು. ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಪ್ರತ್ಯೇಕವಾಗಿ ನಮೂದಿಸುವಂತೆ ಕೇಳಿ.

ಪ್ರಶ್ನೆ: ವೈದ್ಯಕೀಯ ಕಾಲೇಜೊಂದರಲ್ಲಿ ಮಂಡಿನೋವಿನ ಹೊಸ ಔಷಧದ ಪ್ರಯೋಗಕ್ಕೆ ಸೇರಲು ಕೇಳಿದ್ದಾರೆ. ನಮ್ಮನ್ನು ಪ್ರಯೋಗದ ಇಲಿ ಮಾಡುತ್ತಾರೆಂದು ಮನೆಯವರು ಬೇಡವೆನ್ನುತ್ತಾರೆ.
– ರೈತರು, ತಿಪಟೂರು

ಉತ್ತರ: ಮನೆಯವರ ಆತಂಕ ಸಹಜ, ಅದಕ್ಕೆ ಉತ್ತರ ಕೊಡಬೇಕಾದವರು ಪ್ರಯೋಗ ನಡೆಸುವವರು. ಇಂಥ ಪ್ರಯೋಗವನ್ನು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ. ಆ ನೋಂದಣಿ ಸಂಖ್ಯೆಯನ್ನು ಕೇಳಿ. ಪ್ರಯೋಗದಿಂದ ದೇಹಕ್ಕೆ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರಕ್ಕೆ 2019ರ ನಿಯಮಗಳಲ್ಲಿ ಅವಕಾಶವಿದೆ. ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಾಗಬಾರದು. ಹುಸಿಮದ್ದಿನ ಗುಂಪಿಗೆ ಸೇರಿದರೆ, ನೋವು ತಾಳಲಾರದಾದಾಗ ಯಾವ ಮಾತ್ರೆ ಕೊಡುತ್ತಾರೆ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಕನ್ನಡದಲ್ಲಿರುವ ಮಾಹಿತಿ ಪತ್ರವನ್ನು ಮನೆಗೆ ತಂದು ಎಲ್ಲರೊಡನೆ ಓದಿ, ಸಂದೇಹಗಳನ್ನು ಬರೆದುಕೊಂಡು ಮತ್ತೆ ಹೋಗಿ ಕೇಳಿ. ಅಲ್ಲೇ ಕೂತು ಈಗಲೇ ಸಹಿ ಹಾಕಿ ಎಂದರೆ ಹಾಕಬೇಡಿ. ಮಾಹಿತಿ ಪತ್ರದಲ್ಲಿ, ಪ್ರಯೋಗಕ್ಕೆ ಸೇರಿದವರ ಹಿತ ಕಾಯುವ ನೈತಿಕ ಸಮಿತಿಯ ದೂರವಾಣಿ ಸಂಖ್ಯೆ ಇರುತ್ತದೆ, ಅವರಿಗೆ ತಿಳಿಸಿ.