ಕಂಪ್ಯೂಟರ್ ತಾನೇ ಕಟ್ಟಿದ ಚೆಸ್ ಪಜಲ್‌ಗಳಲ್ಲಿ ಸೊಗಸು ಇರುತ್ತಾ?

ಪ್ರೋಗ್ರಾಂಗಳು ಕಟ್ಟಿದ ಚೆಸ್ ಪಜಲ್‌ಗಳು ನಿಜಕ್ಕೂ ಚೆನ್ನಾಗಿರುತ್ತವಾ, ಇಲ್ಲಾ ಸುಮ್ನೆ ಕಾಯಿ ಚೆಲ್ಲಿದ ಹಾಗಿರುತ್ತವಾ ಅಂತ ಕೇಳಿದ್ದೀರಿ. ಕೆಲವು ನಿಜಕ್ಕೂ ಚೆನ್ನಾಗಿವೆ. ಬಿಡುವಿದ್ದಾಗ ನಾನೂ ಪಜಲ್ ಕಟ್ಟುತ್ತೇನೆ, ಹಾಗಾಗಿ ಇದು ನನಗೆ ತುಂಬಾ ಇಷ್ಟದ ವಿಷಯ.

ಲಿಚೆಸ್ ಎಂಬ ಆನ್‌ಲೈನ್ ಚೆಸ್ ತಾಣದಲ್ಲಿ ನೀವು ಬಿಡಿಸುವ ಪಜಲ್‌ಗಳನ್ನು ಇದಕ್ಕೆ ಸೇರಿಸಬೇಡಿ. ಅವು ಜನ ಆಡಿದ ಆಟಗಳಿಂದ ಸಾಫ್ಟ್‌ವೇರ್ ಹೆಕ್ಕಿದವು. ಹೆಕ್ಕುವುದು ಬೇರೆ, ಕಟ್ಟುವುದು ಬೇರೆ.

ಕಟ್ಟುವುದು ಯಾಕೆ ಕಷ್ಟ ಅಂತ ತಿಳಿಯೋಕೆ 1895ರ ಸಾವೆದ್ರಾ ಪಜಲ್ ನೋಡಿ. ಬೋರ್ಡಿನ ಮೇಲೆ ನಾಲ್ಕೇ ಕಾಯಿ. ಬಿಳಿ ರಾಜ ಬಿ6ರಲ್ಲಿ (ಬಿ ಕಂಬ, ಆರನೇ ಸಾಲು), ಪಾನ್ ಅಂದರೆ ಕಾಲಾಳು ಸಿ6ರಲ್ಲಿ. ಕಪ್ಪು ರಾಜ ಎ1ರಲ್ಲಿ, ಆನೆ ಡಿ5ರಲ್ಲಿ. ನಡೆ ಬಿಳಿಯದು. ಪಾನ್ ಒಂದು ಮನೆ ಮುಂದೆ ಹೋದ ಕೂಡಲೇ ಆನೆ ಮೇಲಿಂದ ಮೇಲೆ ಚೆಕ್ ಕೊಡುತ್ತದೆ. ರಾಜ ಒಂದೊಂದೇ ಮನೆ ಕೆಳಗಿಳಿದು ಸಿ2ಕ್ಕೆ ಬಂದು ನಿಲ್ಲುತ್ತಾನೆ. ಆನೆ ಡಿ4ಕ್ಕೆ ಹೋಗುತ್ತದೆ, ಪಾನ್ ಎಂಟನೇ ಸಾಲು ಮುಟ್ಟುತ್ತದೆ. ಅಲ್ಲಿ ಪಾನ್ ಬದಲು ಬೇರೆ ಕಾಯಿ ತಗೋಬೇಕು. ಈಗ ಯಾರಾದರೂ ಮಂತ್ರಿಯನ್ನೇ ತಗೋತಾರೆ, ಅಲ್ವಾ? ತಗೊಂಡರೆ ಕಪ್ಪು ಆನೆ ಸಿ4ರಲ್ಲಿ ಚೆಕ್ ಕೊಟ್ಟು ಬಲಿಯಾಗುತ್ತದೆ. ಮಂತ್ರಿ ಅದನ್ನು ಹೊಡೆದರೆ ಸ್ಟೇಲ್‌ಮೇಟ್! ಅಂದರೆ ಕಪ್ಪು ರಾಜನಿಗೆ ಚೆಕ್ ಇಲ್ಲ, ನಡೆಯೂ ಇಲ್ಲ, ಆಟ ಡ್ರಾ. ಮಂತ್ರಿ ಬೇಡ ಅಂತ ಆನೆ ತಗೊಂಡರೆ ಮಾತ್ರ ಗೆಲುವು.

ಆ ನಡೆ ಕಂಪ್ಯೂಟರ್‌ಗೆ ಕ್ಷಣದಲ್ಲಿ ಗೊತ್ತಾಗುತ್ತದೆ. ಆದರೆ ಅದನ್ನು ನೋಡಿ ನಮಗೆ ಮೈ ಜುಂ ಅನ್ನೋದು ಯಾಕೆ? ಅದನ್ನು ಪ್ರೋಗ್ರಾಂಗೆ ಹೇಗೆ ತಿಳಿಸೋದು?

ಮಲೇಷ್ಯಾದ ಅಜ್ಲಾನ್ ಇಕ್ಬಾಲ್ ತಮ್ಮ ಚೆಸ್ತೆಟಿಕಾ ಪ್ರೋಗ್ರಾಂನಲ್ಲಿ ಸೊಗಸನ್ನೇ ಅಳೆಯಲು ಹೊರಟರು. 2025ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ಸಂಶೋಧಕರು ಅಚ್ಚರಿಯನ್ನು ಅಳೆದರು. ಎಂಜಿನ್, ಅಂದರೆ ಚೆಸ್ ಆಡುವ ಪ್ರೋಗ್ರಾಂ, ಸ್ವಲ್ಪ ಯೋಚಿಸಿದಾಗ ಸರಿ ಉತ್ತರ ಸಿಗಬಾರದು, ಆಳಕ್ಕೆ ಇಳಿದಾಗ ಮಾತ್ರ ಸಿಗಬೇಕು. ಅಂಥ ಸ್ಥಿತಿ ಕಟ್ಟಿದಾಗಲೆಲ್ಲ ಪ್ರೋಗ್ರಾಂಗೆ ಅಂಕ. ಹೀಗೆ ಕಲಿಸಿದ ಮೇಲೆ ಅಚ್ಚರಿಯ ಪಜಲ್‌ಗಳ ಪಾಲು ಶೇ. 0.22ರಿಂದ ಶೇ. 2.5ಕ್ಕೆ ಏರಿತು. ಈ ದಾರಿ ನನಗೆ ಜಾಸ್ತಿ ಹಿಡಿಸಿತು. ಸಾವೆದ್ರಾದಲ್ಲಿ ನಾವು ಮೋಸ ಹೋಗೋದೂ ಹೀಗೇ ತಾನೇ? ಮಂತ್ರಿ ಮೊದಲ ನೋಟಕ್ಕೆ ಸರಿ ಅನ್ನಿಸುತ್ತದೆ.

ಆದರೂ ಅಚ್ಚರಿ ಒಂದೇ ಸಾಲದು. ಮೂರು ನಡೆಯಲ್ಲಿ ರಾಜನನ್ನು ಕಟ್ಟಿಹಾಕುವ (ಮೇಟ್) ಪಜಲ್ ಒಂದನ್ನು ನಾನು ವಾರಗಟ್ಟಲೆ ಕೂತು ಕಟ್ಟಿದ್ದೆ. ಎಂಜಿನ್‌ಗೆ ಕೊಟ್ಟ ಕೂಡಲೇ ಎರಡನೇ ಉತ್ತರ ತೋರಿಸಿತು. ಪಜಲ್‌ಗೆ ಒಂದೇ ಉತ್ತರ ಇರಬೇಕು, ಹಾಗಾಗಿ ಅದು ಕೆಟ್ಟಿತು. ಮೂಲೆಯಲ್ಲಿ ಒಂದು ಪಾನ್ ಇಟ್ಟೆ, ಎರಡನೇ ಉತ್ತರ ಹೋಯಿತು. ಆದರೆ ಆ ಪಾನ್ ಬೇರೆ ಯಾವ ಕೆಲಸಕ್ಕೂ ಬಾರದು, ನೋಡಿದವರಿಗೆ ತೇಪೆ ಅಂತ ಗೊತ್ತಾಗುತ್ತದೆ. ಎಂಜಿನ್ ಲೆಕ್ಕದಲ್ಲಿ ಅದು ಸರಿಯಾದ ಪಜಲ್. ನನಗೆ ಮಾತ್ರ ಇವತ್ತಿಗೂ ಯಾರಿಗೂ ತೋರಿಸುವ ಮನಸ್ಸಾಗಿಲ್ಲ. ಡೀಪ್‌ಮೈಂಡ್‌ನವರೂ ಕೊನೆಗೆ ತಮ್ಮ ಪಜಲ್‌ಗಳನ್ನು ಅಮಾಟ್ಸಿಯಾ ಅವ್ನಿ, ಜೊನಾಥನ್ ಲೆವಿಟ್, ಮ್ಯಾಥ್ಯೂ ಸ್ಯಾಡ್ಲರ್ ಅವರಂಥ ಪರಿಣತರ ಮುಂದೆ ಇಟ್ಟರು.